ಕೂಗು ನಿಲ್ಲಿಸಿದ ಹುಂಜ: ಮನೆಯಲ್ಲೇ ಆರೈಕೆ ಕಂಡ ಪಾದದ ಬಾವಿನ ಒಂದು ಪ್ರಕರಣ

ಡಿಸೆಂಬರ್ ಎರಡನೆಯ ವಾರದ ಒಂದು ಬೆಳಿಗ್ಗೆ ನಮ್ಮ ಕೆಂಚ ಕೂಗಲಿಲ್ಲ. ಬೆಂಗಳೂರಿನ ವಿದ್ಯಾರಣ್ಯಪುರದ ನಮ್ಮ ಮನೆಯ ತಾರಸಿಯಲ್ಲಿ ನಾಲ್ಕು ವರ್ಷಗಳಿಂದ ಸಾಕಿಕೊಂಡಿರುವ ಈ ಹುಂಜ ದಿನವೂ ಐದು ಗಂಟೆಗೆ ಮುಂಚೆಯೇ ನೀರಿನ ಟ್ಯಾಂಕಿನ ಕಟ್ಟೆ ಹತ್ತಿ ಕೂಗುವುದು ಬೀದಿಗೆಲ್ಲ ಗೊತ್ತಿದ್ದ ವಿಷಯ. ಹಾಲು ತರಲು ಹೊರಟಿದ್ದ ಕೆಳಗಿನ ಮನೆಯ ಹಿರಿಯರು ಗೇಟಿನ ಬಳಿ ನಿಂತು, "ಏನಮ್ಮ, ನಿಮ್ಮ ಹುಂಜ ಇವತ್ತು ಕೂಗಲೇ ಇಲ್ವಲ್ಲ, ಹುಷಾರಾಗಿದೆ ತಾನೇ?" ಎಂದು ಕೇಳಿದ ಮೇಲೆಯೇ ನಾನು ಮೇಲೆ ಹೋಗಿ ನೋಡಿದ್ದು. ಗೂಡಿನ ಮೂಲೆಯಲ್ಲಿ ಕೆಂಚ ಗರಿ ಉಬ್ಬಿಸಿಕೊಂಡು, ಕಣ್ಣು ಅರೆಮುಚ್ಚಿ ಕುಳಿತಿದ್ದ. ಮೂರು ಹೇಂಟೆಗಳು ಎಂದಿನಂತೆ ಕೆದಕುತ್ತ ಓಡಾಡುತ್ತಿದ್ದವು.

ಮುಂದಿನ ಐದಾರು ವಾರಗಳಲ್ಲಿ ನಡೆದುದನ್ನು, ನಾವು ಮಾಡಿದ ತಪ್ಪುಗಳನ್ನೂ ಸೇರಿಸಿ, ಇಲ್ಲಿ ಕ್ರಮವಾಗಿ ದಾಖಲಿಸುತ್ತಿದ್ದೇನೆ. ನಗರದಲ್ಲಿ ಒಂದೋ ಎರಡೋ ಕೋಳಿಯನ್ನು ಪ್ರೀತಿಗಾಗಿ ಸಾಕುವವರು ಈಗ ಕಡಿಮೆಯೇನಿಲ್ಲ. ಆದರೆ ಅವು ಕಾಯಿಲೆ ಬಿದ್ದಾಗ ಏನು ಮಾಡಬೇಕೆಂಬ ತಿಳಿವಳಿಕೆ ಹೆಚ್ಚಾಗಿ ಸಾವಿರಾರು ಕೋಳಿಗಳ ಫಾರ್ಮಿನ ಲೆಕ್ಕದಲ್ಲೇ ಸಿಗುತ್ತದೆ, ಒಂದೇ ಒಂದು ಹುಂಜದ ಪಕ್ಕ ಕುಳಿತವರಿಗೆ ಅದು ಅಷ್ಟಾಗಿ ಒದಗುವುದಿಲ್ಲ.

ಕೆಂಚ ಗಿರಿರಾಜ ತಳಿಯವನು. ಹಿತ್ತಲಿನಲ್ಲಿ ಸಾಕಲು ಅನುಕೂಲವಾಗಲೆಂದು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪಿಸಿದ ತಳಿ ಇದು. ನಾಟಿ ಹುಂಜಕ್ಕಿಂತ ಮೈಯಲ್ಲಿ ಬಹಳ ದಪ್ಪ. ದಸರೆಯ ಹೊತ್ತಿಗೆ ತೂಗಿದಾಗ ಕೆಂಚ 4.3 ಕೆ.ಜಿ. ಇದ್ದ. ಈ ತೂಕದ ವಿಷಯ ಮುಂದೆ ಮುಖ್ಯವಾಗುತ್ತದೆ, ಆದರೆ ಆ ದಿನ ನಮಗೆ ಅದರ ಕಡೆ ಯೋಚನೆಯೇ ಹೋಗಲಿಲ್ಲ.

ಮೊದಲ ದಿನ ಕಂಡ ಲಕ್ಷಣಗಳು ಇಷ್ಟು: ಮೇವು ಮುಟ್ಟುತ್ತಿರಲಿಲ್ಲ, ಎಬ್ಬಿಸಿದರೆ ಎರಡು ಹೆಜ್ಜೆ ಇಟ್ಟು ಕುಳಿತುಬಿಡುತ್ತಿದ್ದ, ಹಿಕ್ಕೆ ತೆಳುವಾಗಿ ಹಚ್ಚಹಸಿರಾಗಿತ್ತು. ಮಾಗಡಿ ಕಡೆಯ ಹಳ್ಳಿಯಲ್ಲಿ ಕೋಳಿಗಳ ನಡುವೆಯೇ ಬೆಳೆದ ನಮ್ಮ ಅತ್ತೆಯವರು ನೋಡಿದ ಕೂಡಲೇ, "ಹಸಿರು ಹಿಕ್ಕೆ ಹಾಕ್ತಿದೆ, ಕಾಲೂ ಬಿದ್ದೋಗಿದೆ, ಇದು ಕೊಕ್ಕರೆ ರೋಗಾನೇ ಕಣಮ್ಮ" ಎಂದರು. ಅವರ ಹೆದರಿಕೆಗೆ ಕಾರಣವಿತ್ತು. ರಾಣಿಖೇತ್ ಎಂದೂ ಕರೆಯುವ ಈ ವೈರಸ್ ರೋಗ ಹೊಕ್ಕ ಊರಿನಲ್ಲಿ ಒಂದೇ ವಾರದಲ್ಲಿ ಕೋಳಿಗೂಡುಗಳೆಲ್ಲ ಬರಿದಾದುದನ್ನು ಅವರು ಚಿಕ್ಕಂದಿನಲ್ಲಿ ಕಣ್ಣಾರೆ ಕಂಡವರು. ಹಸಿರು ಭೇದಿ, ಉಸಿರಾಟದ ತೊಂದರೆ, ಕತ್ತು ತಿರುಚಿಕೊಳ್ಳುವುದು, ಕಾಲು ರೆಕ್ಕೆಗಳ ಪಾರ್ಶ್ವವಾಯು ಇವು ಅದರ ಗುರುತುಗಳು. ಕೆಂಚನಿಗೆ ಮರಿಯಾಗಿದ್ದಾಗ ಕಣ್ಣಿನ ಹನಿಯ ಲಸಿಕೆಯನ್ನೂ, ಎರಡು ತಿಂಗಳ ಸುಮಾರಿಗೆ ಆರ್‌2ಬಿ ಎಂಬ ರಾಣಿಖೇತ್ ಲಸಿಕೆಯ ಚುಚ್ಚುಮದ್ದನ್ನೂ ಹಾಕಿಸಿದ್ದೆವಾದರೂ ಅನಂತರ ಮರುಲಸಿಕೆ ಹಾಕಿಸಿರಲಿಲ್ಲ. ಹೀಗಾಗಿ ಅತ್ತೆಯವರ ಮಾತನ್ನು ತಳ್ಳಿಹಾಕಲು ನನ್ನಲ್ಲಿ ಆಧಾರವಿರಲಿಲ್ಲ.

ಆದರೂ ಎರಡು ಸಂಗತಿಗಳು ಆ ನಿರ್ಣಯಕ್ಕೆ ಹೊಂದುತ್ತಿರಲಿಲ್ಲ ಎಂಬುದನ್ನು ನಾನು ಆಗಲೇ ಗಮನಿಸಬೇಕಿತ್ತು. ಅದೇ ಗೂಡಿನಲ್ಲಿ ಮಲಗಿ, ಅದೇ ಮಡಕೆಯ ನೀರು ಕುಡಿಯುತ್ತಿದ್ದ ಹೇಂಟೆಗಳಿಗೆ ಏನೂ ಆಗಿರಲಿಲ್ಲ; ಮೊಟ್ಟೆ ಕೂಡ ತಪ್ಪಿರಲಿಲ್ಲ. ಎರಡನೆಯದು, ಉಸಿರಾಟ ಸಹಜವಾಗಿತ್ತು, ಕತ್ತೂ ನೆಟ್ಟಗಿತ್ತು. ಹಸಿರು ಹಿಕ್ಕೆಯ ಬಗ್ಗೆ ಆಮೇಲೆ ಕಲಿತದ್ದು ಏನೆಂದರೆ, ಯಾವ ಕಾರಣಕ್ಕೇ ಆಗಲಿ ಹಕ್ಕಿ ಉಪವಾಸ ಬಿದ್ದರೆ ಕರುಳಿನಲ್ಲಿ ಆಹಾರವಿಲ್ಲದೆ ಪಿತ್ತರಸವೇ ಹೊರಗೆ ಬಂದು ಹಿಕ್ಕೆ ಹಸಿರಾಗುತ್ತದೆ. ಅದು ಹಸಿವಿನ ಬಣ್ಣ. ಅದೊಂದನ್ನೇ ಹಿಡಿದು ರೋಗದ ಹೆಸರು ಹೇಳಲಾಗದು. ಮೈ ಮುಟ್ಟಿ "ಜ್ವರ ಕಾದಿದೆ" ಎಂದುಕೊಂಡದ್ದೂ ಇಂಥದೇ ತಪ್ಪು: ಕೋಳಿಯ ಸಹಜ ಮೈಶಾಖವೇ 41 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುವುದರಿಂದ ಆರೋಗ್ಯವಂತ ಕೋಳಿಯೂ ನಮ್ಮ ಕೈಗೆ ಬಿಸಿಯಾಗಿಯೇ ತಾಕುತ್ತದೆ.

ಅತ್ತೆಯವರು ಬೆಳ್ಳುಳ್ಳಿ, ಮೆಣಸು, ಅರಿಸಿನ ಅರೆದು ಸಣ್ಣ ಉಂಡೆ ಮಾಡಿ ನುಂಗಿಸಿದರು. ಅದರಿಂದ ಕೆಡುಕಾಗಲಿಲ್ಲ, ಉಪಯೋಗವೂ ಆಗಲಿಲ್ಲ. ನಿಜವಾದ ತಪ್ಪು ನನ್ನದು. ಎರಡನೆಯ ದಿನ ಪಶು ಔಷಧಿ ಮಾರುವ ಒಂದು ಅಂಗಡಿಗೆ ಹೋಗಿ ಲಕ್ಷಣಗಳನ್ನು ಹೇಳಿದೆ. ಅಂಗಡಿಯವರು ಚೀಟಿ ಕೇಳದೆ, ಹಕ್ಕಿಯನ್ನೂ ನೋಡದೆ ಎನ್ರೋಫ್ಲಾಕ್ಸಸಿನ್ ದ್ರಾವಣದ ಬಾಟಲಿ ಕೊಟ್ಟು, ಕುಡಿಯುವ ನೀರಿಗೆ ಬೆರೆಸಿ ಎಂದರು. ನಾನು ಹಾಗೆಯೇ ಮಡಕೆಯ ನೀರಿಗೆ ಬೆರೆಸಿಟ್ಟೆ. ವೈರಸ್ಸಿನ ರೋಗವೆಂದು ನಂಬಿ ಬ್ಯಾಕ್ಟೀರಿಯಾದ ಔಷಧ ಕೊಡುತ್ತಿದ್ದೇನೆಂಬ ಅಸಂಗತಿ ಆಗ ಹೊಳೆಯಲಿಲ್ಲ. ಕಾಯಿಲೆಯ ಹುಂಜ ದಿನವಿಡೀ ನಾಲ್ಕು ಗುಟುಕು ನೀರನ್ನೂ ಕುಡಿಯುತ್ತಿರಲಿಲ್ಲ. ಆರೋಗ್ಯವಾಗಿದ್ದ ಮೂರು ಹೇಂಟೆಗಳು ಮಡಕೆಯನ್ನು ಬರಿದು ಮಾಡಿದವು. ಔಷಧ ಬೇಕಾದವನಿಗೆ ಸೇರಲಿಲ್ಲ, ಬೇಡದವುಗಳ ಮೈ ಸೇರಿ ಮೊಟ್ಟೆಗೂ ಇಳಿಯಿತು. ಬ್ಯಾಕ್ಟೀರಿಯಾಗಳು ಔಷಧಕ್ಕೆ ಬಗ್ಗದಂತಾಗುತ್ತವೆ ಎಂಬ ಕಾರಣಕ್ಕೆ ಕೋಳಿಗಳಿಗೆ ಈ ಔಷಧ ಕೊಡುವುದನ್ನು ಅಮೆರಿಕ 2005ರಲ್ಲೇ ನಿಲ್ಲಿಸಿದೆ. ಆಮೇಲೆ ಸಿಕ್ಕ ವೈದ್ಯೆಯ ಸೂಚನೆಯಂತೆ ನಾವು ಮೂರು ವಾರಗಳ ಮೊಟ್ಟೆಯನ್ನು ಯಾರಿಗೂ ಕೊಡದೆ ಎಸೆದೆವು. ಪಕ್ಕದ ಮನೆಯ ಮಗುವಿಗೆ ದಿನಕ್ಕೊಂದು ನಾಟಿ ಮೊಟ್ಟೆ ಕೊಡುತ್ತಿದ್ದವಳು ನಾನು. ಏಕೆ ನಿಲ್ಲಿಸಿದೆನೆಂದು ಅವರಿಗೆ ವಿವರಿಸುವಾಗ ನಿಜಕ್ಕೂ ನಾಚಿಕೆಯಾಯಿತು.

ನಾಲ್ಕನೆಯ ದಿನ ಹತ್ತಿರದ ಒಂದು ಪ್ರಾಣಿ ಚಿಕಿತ್ಸಾಲಯಕ್ಕೆ ಒಯ್ದಾಗ, ನಾಯಿ ಬೆಕ್ಕುಗಳನ್ನು ಮಾತ್ರ ನೋಡುವುದಾಗಿ ಹೇಳಿ ಬಾಗಿಲಿನಿಂದಲೇ ಕಳುಹಿಸಿದರು. ಹಕ್ಕಿಗಳನ್ನು ನೋಡುವ ವೈದ್ಯೆಯೊಬ್ಬರು ಇನ್ನೊಂದು ಕಡೆ ಸಿಕ್ಕರು. ಅವರು ಕೆಂಚನನ್ನು ಟವೆಲಿನಲ್ಲಿ ಸುತ್ತಿ ಮಡಿಲಿಗೆ ತೆಗೆದುಕೊಂಡು ಬಾಯಿ, ಕಣ್ಣು, ಕೊರಳ ಬುಡದ ಮೇವಿನ ಚೀಲ, ಎದೆಮೂಳೆ ಹೀಗೆ ಒಂದೊಂದನ್ನೇ ಮುಟ್ಟಿ ನೋಡಿ, ಕೊನೆಗೆ ಎರಡೂ ಪಾದಗಳನ್ನು ಮೇಲಕ್ಕೆ ತಿರುಗಿಸಿದರು. "ಇಲ್ಲಿ ನೋಡಿ ಅಮ್ಮ" ಎಂದರು. ಬಲಪಾದದ ಅಡಿ ಸಣ್ಣ ನಿಂಬೆಹಣ್ಣಿನಷ್ಟು ಊದಿ ಕೆಂಪಾಗಿತ್ತು. ಅದರ ನಡುವೆ ಅವರೆಕಾಳಿನ ಗಾತ್ರದ, ಕರ್ರಗೆ ಗಟ್ಟಿಯಾದ ಹೆಕ್ಕಳೆ ಅಂಟಿಕೊಂಡಿತ್ತು. ಎಡಪಾದದಲ್ಲೂ ಒಂದು ಸಣ್ಣ ಒರಟು ಗುರುತು ಆಗಲೇ ಮೂಡಿತ್ತು. ನಾಲ್ಕು ದಿನ ನಾವೆಲ್ಲ ಅವನ ಮುಖ ನೋಡಿದೆವು, ಜುಟ್ಟು ನೋಡಿದೆವು, ಹಿಕ್ಕೆ ನೋಡಿದೆವು. ಪಾದವನ್ನು ಒಬ್ಬರೂ ತಿರುಗಿಸಿ ನೋಡಿರಲಿಲ್ಲ. ಹದಿನೈದು ದಿನಗಳಿಂದ ಅವನು ಒಂಟಿ ಕಾಲಿನಲ್ಲಿ ನಿಲ್ಲುತ್ತಿದ್ದುದನ್ನು ನನ್ನ ಮಗ ಕಂಡಿದ್ದನಾದರೂ, ಚಳಿಗೆ ಕೋಳಿಗಳು ಹಾಗೆ ನಿಲ್ಲುವುದು ವಾಡಿಕೆಯಾದ್ದರಿಂದ ಹೇಳಿರಲಿಲ್ಲ.

ಇದಕ್ಕೆ ಬಂಬಲ್‌ಫುಟ್ ಎಂದು ಹೆಸರು. ಪಾದದಡಿಯ ಚರ್ಮ ಒತ್ತಡದಿಂದ ತೆಳುವಾಗಿಯೋ ಬಿರಿದೋ ಹೋದಾಗ, ಸಾಮಾನ್ಯವಾಗಿ ಸ್ಟೆಫೈಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಒಳಹೊಕ್ಕು ಬಾವು ಕಟ್ಟುತ್ತದೆ. ನಮ್ಮ ಮನೆಯಲ್ಲಿ ಅದಕ್ಕೆ ಬೇಕಾದುದೆಲ್ಲ ಇತ್ತು. ನಾಲ್ಕು ಕಿಲೋ ದಾಟಿದ ಹಕ್ಕಿ, ಬರಿಯ ಸಿಮೆಂಟಿನ ತಾರಸಿ, ನಾಲ್ಕು ಅಡಿ ಎತ್ತರದ ಟ್ಯಾಂಕ್ ಕಟ್ಟೆ. ದಿನಕ್ಕೆ ಹತ್ತಾರು ಸಲ ಅಲ್ಲಿಂದ ಕೆಳಕ್ಕೆ ಧುಮುಕುವಾಗ ಅಷ್ಟೂ ಭಾರ ಎರಡು ಪುಟ್ಟ ಪಾದಗಳ ಮೇಲೆ ಬೀಳುತ್ತಿತ್ತು. ಜೊತೆಗೆ ನಾವು ಹಾಕುತ್ತಿದ್ದ ಮೇವು ಹೆಚ್ಚಾಗಿ ಅನ್ನ, ಅಕ್ಕಿನುಚ್ಚು, ರಾಗಿ. ಇವುಗಳಲ್ಲಿ ಎ ಜೀವಸತ್ವ ಇಲ್ಲವೆನ್ನುವಷ್ಟು ಕಡಿಮೆ, ಆ ಕೊರತೆಯಿಂದ ಚರ್ಮ ದುರ್ಬಲವಾಗುತ್ತದೆ. ನೋವಿನಿಂದ ಮೇವಿನ ತಟ್ಟೆಯವರೆಗೂ ನಡೆಯಲಾಗದೆ ಉಪವಾಸ ಬಿದ್ದವನು 3.6 ಕೆ.ಜಿ.ಗೆ ಇಳಿದಿದ್ದ. ಕಾಲಿನಿಂದ ಶುರುವಾದ ಕಾಯಿಲೆಯನ್ನು ನಾವು ಹೊಟ್ಟೆಯಲ್ಲಿ ಹುಡುಕುತ್ತಿದ್ದೆವು.

ಬಾವನ್ನು ಹಿಸುಕಿ ಕೀವು ತೆಗೆಯಬಾರದೇ ಎಂದು ಕೇಳಿದೆ. ಹಕ್ಕಿಗಳಲ್ಲಿ ಹಾಗಾಗುವುದಿಲ್ಲವಂತೆ. ನಮ್ಮ ಬಿಳಿರಕ್ತಕಣಗಳಲ್ಲಿ ಕೀವು ನೀರಾಗಲು ನೆರವಾಗುವ ಒಂದು ಕಿಣ್ವವಿದೆ, ಹಕ್ಕಿಗಳ ಅದೇ ಬಗೆಯ ಕಣಗಳಲ್ಲಿ ಅದಿಲ್ಲ; ಆದ್ದರಿಂದ ಅವುಗಳ ಕೀವು ಹರಿಯದೆ ಗಿಣ್ಣಿನಂತೆ ಗಟ್ಟಿಯಾಗಿ ಕೂರುತ್ತದೆ. ಹಿಸುಕಿದರೆ ಸೋಂಕು ಇನ್ನೂ ಒಳಗೆ, ಸ್ನಾಯುರಜ್ಜು ಮತ್ತು ಮೂಳೆಯ ಕಡೆಗೆ ಸರಿಯುತ್ತದೆ. ಎಕ್ಸ್‌ರೇಯಲ್ಲಿ ಮೂಳೆಗೆ ಸೋಂಕು ತಗುಲಿರಲಿಲ್ಲ. ಬಳಲಿದ ಹಕ್ಕಿಗೆ ಅರಿವಳಿಕೆ ಅಪಾಯವೆಂದು ಎರಡು ದಿನ ನೀರಿನಂಶ ಮತ್ತು ಆಹಾರ ಕೊಟ್ಟು ಚೇತರಿಸಿದ ಮೇಲೆ ವೈದ್ಯೆ ಹೆಕ್ಕಳೆ ತೆಗೆದು ಗಡ್ಡೆಯನ್ನು ಹೊರತೆಗೆದರು. ತೆಗೆದ ಮೇಲೆ ನನಗೆ ತೋರಿಸಿದರು: ಬೇಯಿಸಿದ ಅವರೆಕಾಳಿನ ಬಣ್ಣ, ಮೇಣದಂಥ ಗಟ್ಟಿತನ, ಉಗುರಿನಷ್ಟು ಉದ್ದ. ಅಷ್ಟು ದೊಡ್ಡ ಹಕ್ಕಿಯನ್ನು ಅಷ್ಟು ಚಿಕ್ಕ ಗಡ್ಡೆ ನೆಲಕ್ಕೆ ಕೂರಿಸಿಬಿಟ್ಟಿತ್ತು.

ಇನ್ನು ಮನೆಯ ಆರೈಕೆ. ವಾಷಿಂಗ್ ಮೆಷಿನ್ ಬಂದ ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಉಗ್ರಾಣದ ಕೋಣೆಯಲ್ಲಿಟ್ಟು, ಕೆಳಗೆ ಹಳೆಯ ಟವೆಲುಗಳನ್ನು ಮಡಿಸಿ ಹಾಸಿದೆವು. ಭತ್ತದ ಹೊಟ್ಟು ಗಾಯಕ್ಕೆ ಅಂಟುತ್ತದೆಂದು ಮೊದಲ ಎರಡು ವಾರ ಬಳಸಲಿಲ್ಲ. ಡಿಸೆಂಬರಿನ ಬೆಂಗಳೂರಿನಲ್ಲಿ ಬೆಳಗಿನ ಚಳಿ 15 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ಇಳಿಯುವುದು ಸಾಮಾನ್ಯ. ತೂಕ ಕಳೆದುಕೊಂಡ ಹಕ್ಕಿ ಮೈಶಾಖ ಉಳಿಸಿಕೊಳ್ಳಲೆಂದೇ ಇರುವ ಅಲ್ಪ ಶಕ್ತಿಯನ್ನು ಸುಡುತ್ತದೆ. ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಒಂದೇ ಬದಿಗೆ ಇಡುತ್ತಿದ್ದೆವು, ಸೆಕೆಯಾದರೆ ಆಚೆಗೆ ಸರಿದುಕೊಳ್ಳಲು ಅವನಿಗೆ ಜಾಗ ಬೇಕಲ್ಲ.

ಹಿಡಿದುಕೊಳ್ಳುವ ರೀತಿಯನ್ನೇ ನಾವು ಹೊಸದಾಗಿ ಕಲಿಯಬೇಕಾಯಿತು. ಕೋಳಿಗೆ ನಮ್ಮಂತೆ ವಪೆ, ಅಂದರೆ ಎದೆ ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯು, ಇಲ್ಲ; ಎದೆಗೂಡು ಹಿಂದೆ ಮುಂದೆ ಆಡಿದರೆ ಮಾತ್ರ ಉಸಿರು. ಎದೆಯನ್ನು ಬಿಗಿಯಾಗಿ ಅಪ್ಪಿದರೆ ಸದ್ದಿಲ್ಲದೆ ಉಸಿರುಕಟ್ಟುತ್ತದೆ. ರೆಕ್ಕೆಗಳನ್ನು ಮಾತ್ರ ಟವೆಲಿನಿಂದ ಸಡಿಲವಾಗಿ ಸುತ್ತಿ, ಕಣ್ಣಿನ ಮೇಲೆ ಬಟ್ಟೆ ಮುಚ್ಚಿದರೆ ಕತ್ತಲೆಗೆ ಶಾಂತನಾಗುತ್ತಿದ್ದ. ಬಾಯಿಗೆ ಅಂಬಲಿ ಸುರಿಯುವ ಅತ್ತೆಯವರ ಯೋಚನೆಯನ್ನು ವೈದ್ಯೆ ಗಟ್ಟಿಯಾಗಿ ತಡೆದರು. ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದುಕೊಂಡಿರುವುದರಿಂದ ಸುರಿದ ದ್ರವ ನೇರ ಶ್ವಾಸಕೋಶಕ್ಕೆ ಇಳಿಯಬಹುದು. ಕೊಕ್ಕಿನ ಅಂಚಿಗೆ ಒಂದೊಂದೇ ಹನಿ ತಾಗಿಸಿ, ಅವನೇ ನುಂಗುವವರೆಗೆ ಕಾಯಬೇಕು. ಓಆರ್‌ಎಸ್ ನೀರನ್ನು ಹೀಗೆ ಕುಡಿಸಲು ಒಂದೊಂದು ಸಲಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು.

ಮೇವು ತಿನ್ನಿಸುವುದೇ ಅತಿ ಕಷ್ಟದ ಕೆಲಸವಾಗಿತ್ತು. ನೆನೆಸಿದ ಫೀಡು, ಕಿವುಚಿದ ಬೇಯಿಸಿದ ಮೊಟ್ಟೆ, ಸಣ್ಣಗೆ ಹೆಚ್ಚಿದ ನುಗ್ಗೆಸೊಪ್ಪು ಇಟ್ಟರೂ ಎರಡು ದಿನ ಮುಖ ತಿರುಗಿಸಿದ. ಮೂರನೆಯ ದಿನ ನನ್ನ ಮಗ ಒಂದು ಹೇಂಟೆಯನ್ನು ತಂದು ತಂತಿ ಬಲೆಯ ಆಚೆ ಬಿಟ್ಟು, ಸ್ಟೀಲ್ ತಟ್ಟೆಯಲ್ಲಿ ಅದಕ್ಕೆ ಜೋಳದ ನುಚ್ಚು ಹಾಕಿದ. ಅದು ಟಕಟಕನೆ ಕುಕ್ಕುವ ಸದ್ದು ಕೇಳಿ ಕೆಂಚ ಕತ್ತೆತ್ತಿದ. ಒಂದು ನಿಮಿಷ ನೋಡಿ, ತನ್ನ ಮುಂದಿದ್ದ ತಟ್ಟೆಗೆ ಕೊಕ್ಕು ಇಳಿಸಿದ. ಕೋಳಿಗಳು ಜೊತೆಯಿದ್ದರೆ ಹೆಚ್ಚು ತಿನ್ನುತ್ತವೆ. ಹೇಂಟೆ ಇಲ್ಲದ ಹೊತ್ತಿನಲ್ಲಿ ಬೆರಳ ತುದಿಯಿಂದ ತಟ್ಟೆಯನ್ನು ಅದೇ ಲಯದಲ್ಲಿ ತಟ್ಟಿದರೂ ತಿನ್ನುತ್ತಿದ್ದ. ಹೀಗೆ ದಿನವೂ ಬಲೆಯ ಆಚೆ ಈಚೆ ಒಂದು ಗಂಟೆ ಕೂರಿಸಿದ್ದರಿಂದ ಅವನು ಗುಂಪಿಗೆ ಮರಳಿದಾಗ ಹೇಂಟೆಗಳು ಹೊಸಬನೆಂದು ಕುಕ್ಕಲಿಲ್ಲ.

ಮಗ ಒಂದು ನೋಟ್‌ಬುಕ್ ಇಟ್ಟು ಬೆಳಿಗ್ಗೆ ಮೇವಿಗೆ ಮುಂಚಿನ ತೂಕ, ಮೇವಿನ ಚೀಲ ತುಂಬಿದೆಯೋ ಖಾಲಿಯೋ, ಹಿಕ್ಕೆಯ ಬಣ್ಣ ಮತ್ತು ಸಂಖ್ಯೆ ಬರೆಯುತ್ತಿದ್ದ. ಬಟ್ಟೆ ಚೀಲದಲ್ಲಿ ಕೂರಿಸಿ ಲಗೇಜ್ ತೂಗುವ ಕೊಕ್ಕೆ ತಕ್ಕಡಿಗೆ ನೇತುಹಾಕಿ ತೂಗುತ್ತಿದ್ದೆವು. ಈ ಪುಸ್ತಕಕ್ಕೆ ನಾನು ಬಹಳ ಬೆಲೆ ಕೊಡುತ್ತೇನೆ. ದುರ್ಬಲನೆಂದು ತೋರಿಸಿಕೊಂಡರೆ ಬೇಟೆಯಾಗುವ ಜೀವಿಯಾದ್ದರಿಂದ ಹಕ್ಕಿ ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತದೆ. ಮುಖ ಏನೂ ಹೇಳುವುದಿಲ್ಲ, ತಕ್ಕಡಿ ಹೇಳುತ್ತದೆ. ಶಸ್ತ್ರಕ್ರಿಯೆಯ ಮರುದಿನ 3.5ಕ್ಕೆ ಇಳಿದ ತೂಕ ನಾಲ್ಕು ದಿನ ಅಲ್ಲೇ ನಿಂತು, ಆಮೇಲೆ ಮೆಲ್ಲಗೆ ಏರತೊಡಗಿತು. ರಾತ್ರಿ ತುಂಬಿದ ಮೇವಿನ ಚೀಲ ಬೆಳಿಗ್ಗೆ ಖಾಲಿಯಾಗಿದ್ದರೆ ಜೀರ್ಣಕ್ರಿಯೆ ಸರಿಯಾಗಿದೆಯೆಂದು ಅರ್ಥ. ಒಂದು ದಿನ ಕಂದು ಬಣ್ಣದ, ಅಂಟಾದ, ಕೆಟ್ಟ ವಾಸನೆಯ ಹಿಕ್ಕೆ ಕಂಡು ಎಲ್ಲರೂ ಗಾಬರಿಯಾದೆವು. ಅದು ಕುರುಡುಕರುಳಿನಿಂದ ಬರುವ, ಆರೋಗ್ಯವಂತ ಕೋಳಿಯೂ ದಿನದಲ್ಲಿ ಕೆಲವು ಸಲ ಹಾಕುವ ಹಿಕ್ಕೆಯೆಂದು ತಿಳಿದಾಗ ಸಮಾಧಾನವಾಯಿತು.

ಗಾಯ ಕಟ್ಟುವ ಕೆಲಸಕ್ಕೆ ಇಬ್ಬರು ಬೇಕು. ಅತ್ತೆಯವರು ಮಡಿಲಲ್ಲಿ ಹಿಡಿದುಕೊಳ್ಳುತ್ತಿದ್ದರು, ನಾನು ಕೈಗವಸು ಹಾಕಿ ಕಟ್ಟುತ್ತಿದ್ದೆ, ಏಕೆಂದರೆ ಈ ಬ್ಯಾಕ್ಟೀರಿಯಾ ಮನುಷ್ಯರ ಗಾಯಕ್ಕೂ ಸೋಂಕು ತರಬಲ್ಲದು. ಪೊವಿಡೋನ್ ಅಯೋಡಿನ್ನನ್ನು ಹಾಲಿಲ್ಲದ ತಿಳಿ ಚಹಾದ ಬಣ್ಣ ಬರುವಷ್ಟು ನೀರಿಗೆ ಬೆರೆಸಿ ತೊಳೆದು, ಅಂಟದ ಗಾಜ್ ಬಟ್ಟೆ ಇಟ್ಟು, ಬೆರಳುಗಳ ಸಂದಿಯಿಂದ ಹಾಯಿಸಿ ತನಗೆ ತಾನೇ ಅಂಟುವ ಬ್ಯಾಂಡೇಜು ಸುತ್ತಬೇಕು. ಹೈಡ್ರೋಜನ್ ಪೆರಾಕ್ಸೈಡ್ ಹೊಸದಾಗಿ ಬೆಳೆಯುವ ಮಾಂಸವನ್ನೂ ಸುಡುತ್ತದೆಂದು ಬಳಸಲಿಲ್ಲ. ಎರಡನೆಯ ಸಲ ನಾನು ಬಿಗಿಯಾಗಿ ಕಟ್ಟಿಬಿಟ್ಟಿದ್ದೆ. ಒಂದು ಗಂಟೆಯ ಬಳಿಕ ಅತ್ತೆಯವರು ಬೆರಳು ಮುಟ್ಟಿ, "ತಣ್ಣಗಿದೆ, ಬಿಚ್ಚಮ್ಮ" ಎಂದರು. ಅವರ ಕೈಯ ಆ ಸೂಕ್ಷ್ಮತೆ ಇರದಿದ್ದರೆ ಬೆರಳೇ ಹೋಗುತ್ತಿತ್ತೋ ಏನೋ. ಅಂದಿನಿಂದ ಕಟ್ಟಿದ ಅರ್ಧ ಗಂಟೆಗೆ ಬೆರಳು ಮುಟ್ಟಿ ನೋಡುವುದನ್ನೂ ನೋಟ್‌ಬುಕ್ಕಿಗೆ ಸೇರಿಸಿದೆವು.

ನೋವಿಗೆ ವೈದ್ಯೆ ತೂಕ ನೋಡಿ ಮೆಲಾಕ್ಸಿಕ್ಯಾಮ್ ಬರೆದಿದ್ದರು. ಮನೆಯಲ್ಲಿದ್ದ ಮಂಡಿನೋವಿನ ಮಾತ್ರೆಯ ಚೂರು ಕೊಟ್ಟರೆ ಸಾಲದೇ ಎಂಬ ಮಾತು ಬಂದಿತ್ತು. ಅದು ಡೈಕ್ಲೋಫೆನಾಕ್. ಅದೇ ಔಷಧ ಕೊಟ್ಟ ದನಗಳ ಕಳೇಬರ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತು ಅವುಗಳ ಸಂತತಿಯೇ ಕುಸಿದ ಮೇಲೆ, 2006ರಲ್ಲಿ ನಮ್ಮ ದೇಶ ಪ್ರಾಣಿಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿತು. ಇಲ್ಲಿಂದ ಒಂದು ಹೊತ್ತಿನ ದಾರಿಯ ರಾಮನಗರದ ರಾಮದೇವರಬೆಟ್ಟದಲ್ಲಿ ರಣಹದ್ದುಗಳಿಗಾಗಿಯೇ ಧಾಮವಿರುವುದು ಅತ್ತೆಯವರಿಗೂ ಗೊತ್ತು. ಈ ಕಥೆ ಹೇಳಿದ ಮೇಲೆ ಆ ಮಾತ್ರೆಯ ಡಬ್ಬಿಯನ್ನು ಅವರೇ ಬೀರುವಿಗೆ ಎತ್ತಿಟ್ಟರು.

ಈ ನಡುವೆ, ಆ ದುಡ್ಡಿಗೆ ನಾಲ್ಕು ಹುಂಜ ಬರುತ್ತಿತ್ತಲ್ಲ ಎಂದವರಿದ್ದರು. ಅವರ ಲೆಕ್ಕ ಸರಿಯೇ ಇರಬಹುದು. ಆದರೆ ಕೈಯಿಂದ ಕಾಳು ತಿಂದು, ಹೆಸರು ಕರೆದರೆ ತಿರುಗಿ ನೋಡುವ ಜೀವಕ್ಕೆ ನಮ್ಮ ತಾರಸಿಯಿಂದಲೇ ಬಂದ ಕಾಯಿಲೆ ಅದು. ಅದನ್ನು ಗುಣಪಡಿಸುವ ಹೊಣೆ ನಮ್ಮದೇ.

ಹತ್ತೊಂಬತ್ತನೆಯ ದಿನ ನಸುಕಿನಲ್ಲಿ ಉಗ್ರಾಣದ ಕತ್ತಲೆಯಿಂದ ಒಂದು ಕೂಗು ಕೇಳಿತು, ಅರ್ಧಕ್ಕೇ ಒಡೆದ, ಗೊಗ್ಗರು ಕೂಗು. ಹುಂಜದ ನಸುಕಿನ ಕೂಗು ಬೆಳಕು ಕಂಡು ಹೊರಡುವುದಲ್ಲ, ಒಳಗಿನ ಗಡಿಯಾರದಿಂದ ಹೊರಡುವುದೆಂದು ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ತೋರಿಸಿದ್ದಾರೆ. ಹಾಗಾಗಿ ಅಷ್ಟು ದಿನದ ಮೌನಕ್ಕೆ ಕತ್ತಲೆಯ ಕೋಣೆ ಕಾರಣವಲ್ಲವೆಂದು ನನಗೆ ಗೊತ್ತಿತ್ತು. ಹಾಸಿಗೆಯಲ್ಲಿದ್ದ ಅತ್ತೆಯವರು ಎದ್ದು ಕುಳಿತರು. ಆ ದಿನದ ತೂಕ 3.7.

ಗಾಯ ಮುಚ್ಚುತ್ತ ಬಂದಂತೆ ಉಳಿದದ್ದು ತಾರಸಿಯ ಪ್ರಶ್ನೆ. ಅದೇ ನೆಲಕ್ಕೆ ಬಿಟ್ಟರೆ ಬಾವು ಮರಳುವುದು ಖಂಡಿತ. ಗೂಡಿನ ಸುತ್ತ ಹತ್ತು ಅಡಿ ಉದ್ದಗಲಕ್ಕೆ ಇಟ್ಟಿಗೆಯ ಅಂಚು ಕಟ್ಟಿಸಿ, ನಾಲ್ಕು ಬೆರಳು ದಪ್ಪಕ್ಕೆ ಭತ್ತದ ಹೊಟ್ಟು ಮತ್ತು ತೆಂಗಿನ ನಾರಿನ ಪುಡಿ ಹರಡಿದೆವು. ಒದ್ದೆಯಾದರೆ ಚರ್ಮ ಮೆತ್ತಗಾಗಿ ಮತ್ತೆ ಬಿರಿಯುವುದರಿಂದ ಮೇಲೆ ಶೀಟು ಹಾಕಿಸಿದೆವು. ಗೂಡಿನೊಳಗಿನ ಬಿದಿರಿನ ಕೋಲು ತೆಗೆದು, ಅಂಚು ಉಜ್ಜಿ ದುಂಡಗೆ ಮಾಡಿದ ಅಗಲವಾದ ಮರದ ಪಟ್ಟಿಯನ್ನು ಒಂದೂವರೆ ಅಡಿ ಎತ್ತರಕ್ಕೆ ಕೂರಿಸಿದೆವು. ಅನ್ನ, ನುಚ್ಚು ಕಡಿಮೆ ಮಾಡಿ ಸಮತೋಲದ ಫೀಡು, ಸೊಪ್ಪು, ತುರಿದ ಕ್ಯಾರೆಟ್ ಹಾಕತೊಡಗಿದೆವು. ಅವನ ತೂಕವನ್ನು ಮತ್ತೆ 4.3ಕ್ಕೆ ಏರಿಸುವುದು ಬೇಡ, ನಾಲ್ಕರೊಳಗೆ ಇರಲಿ ಎಂದು ವೈದ್ಯೆ ಹೇಳಿದ್ದರು.

ಟ್ಯಾಂಕ್ ಕಟ್ಟೆಯ ವಿಷಯಕ್ಕೆ ಮನೆಯಲ್ಲಿ ಎರಡು ದಿನ ಚರ್ಚೆಯಾಯಿತು. ಬಲೆ ಕಟ್ಟಿ ಹತ್ತದಂತೆ ಮಾಡುವುದು ಸುಲಭವಾಗಿತ್ತು, ಆದರೆ ಅವನಿಗೆ ಕೂಗುವ ಜಾಗವೆಂದರೆ ಅದೇ. ಕೊನೆಗೆ ಬಡಗಿಯೊಬ್ಬರಿಂದ ಇಳಿಜಾರಾದ ಹಲಗೆ ಮಾಡಿಸಿ, ಅದಕ್ಕೆ ಅಡ್ಡಪಟ್ಟಿ ಹೊಡೆಸಿ, ನಾರಿನ ಚಾಪೆ ಸುತ್ತಿಸಿ ಕಟ್ಟೆಗೆ ಒರಗಿಸಿದೆವು. ಉಳಿದ ಮೂರು ಬದಿಗೆ ಮಾತ್ರ ಬಲೆ. ಮೊದಲ ವಾರ ಹತ್ತುವುದು ಹಲಗೆಯಿಂದ, ಇಳಿಯುವುದು ಎಲ್ಲಿ ಎಂದು ಬಲೆಗೆ ತಲೆ ತಾಗಿಸಿ ಹುಡುಕುತ್ತಿದ್ದ. ಮಗ ಹಲಗೆಯ ಮೇಲೆ ಮೇಲಿನಿಂದ ಕೆಳಗಿನವರೆಗೆ ಜೋಳದ ಕಾಳು ಸಾಲಾಗಿ ಇಡುತ್ತ ಬಂದ. ಕುಕ್ಕುತ್ತ ಕುಕ್ಕುತ್ತ ಇಳಿಯುವುದನ್ನು ಕಲಿತ.

ಆರನೆಯ ವಾರದ ಕೊನೆಗೆ ತೂಕ 3.9 ಇತ್ತು. ಬಲಪಾದದಡಿ ಈಗಲೂ ಒಂದು ಕಡಲೆಕಾಳಿನಷ್ಟು ಚರ್ಮ ದಪ್ಪಗಿದೆ, ಎಡಪಾದದ ಒರಟು ಗುರುತು ಬ್ಯಾಂಡೇಜಿಲ್ಲದೆಯೇ ಮಾಯ್ದಿದೆ. ಹೇಂಟೆಗಳದ್ದೂ ಸೇರಿ ಎಂಟೂ ಪಾದಗಳನ್ನು ಪ್ರತಿ ಭಾನುವಾರ ತಿರುಗಿಸಿ ನೋಡಿ ಬರೆದಿಡುತ್ತೇವೆ, ರಾಣಿಖೇತ್ ಮರುಲಸಿಕೆಯನ್ನೂ ಎಲ್ಲಕ್ಕೂ ಹಾಕಿಸಿದ್ದೇವೆ. ಮಳೆಗಾಲದಲ್ಲಿ ಹಾಸನ್ನು ಒಣದಾಗಿ ಇಟ್ಟುಕೊಳ್ಳುವುದು ಹೇಗೆಂದು ಈಗ ಯೋಚಿಸುತ್ತಿದ್ದೇವೆ.